ಹಳೇ ಲೆಡ್ಜರ್ ಎಸೀಬೇಡಿ (ಭಾಗ 4)

"ಹೊಸ ಟೆಲಿಸ್ಕೋಪ್ ಇದೆಯಲ್ಲ, ಹಳೇ ದಾಖಲೆ ಯಾಕೆ?" ಅನ್ನೋರೇ, ಸ್ವಲ್ಪ ಕೇಳಿ.

1989ರ ಮೇ. ಸಿಗ್ನಸ್ ನಕ್ಷತ್ರಪುಂಜದಿಂದ ಭಾರೀ ಎಕ್ಸ್-ರೇ ಬರ್ತಿರೋದನ್ನ ಜಪಾನಿನ ಗಿಂಗಾ ಉಪಗ್ರಹ ಹಿಡೀತು. ಯಾರದ್ದು? ಅದೇ ಜಾಗದಲ್ಲಿ 1938ರಲ್ಲೇ ಒಂದು ನಕ್ಷತ್ರ ಭುಗಿಲೆದ್ದಿತ್ತು: ವಿ404 ಸಿಗ್ನಿ. ಮಾಮೂಲಿ ನೋವಾ ಅಂತ ಬರೆದಿಟ್ಟಿದ್ರು. ಆ ಹಳೇ ಎಂಟ್ರಿಯಿಂದಲೇ ಗುರುತು ಸಿಕ್ಕಿದ್ದು!

1992ರಲ್ಲಿ ಅಲ್ಲಿನ ನಕ್ಷತ್ರದ 6.5 ದಿನದ ಸುತ್ತು ಅಳೆದಾಗ, ಕಾಣದ ಜೊತೆಗಾರನ ತೂಕ ಸೂರ್ಯನ 6 ಪಟ್ಟಾದ್ರೂ ಇರಬೇಕು ಅಂತಾಯ್ತು. ನ್ಯೂಟ್ರಾನ್ ನಕ್ಷತ್ರ ಅಷ್ಟು ತೂಗಲ್ಲ. ಬ್ಲ್ಯಾಕ್ ಹೋಲೇ. ಎಕ್ಸ್-ರೇ ಬರೋದು ಅದರ ಒಳಗಿಂದಲ್ಲ, ಸುತ್ತ ಕಾದು ಸುತ್ತೋ ಅನಿಲದಿಂದ. ರೀಲ್ಸ್‌ನವರೂ ಬರ್ಕೊಳ್ಳಿ.

ಉಪಗ್ರಹ ಈ ವರ್ಷದ ಲೆಕ್ಕ ಕೊಡುತ್ತೆ, ಸರಿ. ಓಪನಿಂಗ್ ಬ್ಯಾಲೆನ್ಸ್ ಇರೋದು ಹಳೇ ಪುಸ್ತಕದಲ್ಲಿ. ಅದನ್ನ ರದ್ದಿಗೆ ಹಾಕಿ ಆಡಿಟ್ ಹೇಗೆ ಮಾಡ್ತೀರಿ?