ಸರಾಸರಿಯ ಬಂಡೆ ಎಲ್ಲಿಯೂ ಇಲ್ಲ

ನೆಲದಾಳದಲ್ಲಿ ತೈಲವು ಕೆರೆಯಂತೆ ತುಂಬಿ ನಿಂತಿರುವುದಿಲ್ಲ. ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ಅದರ ಪ್ರಮಾಣವನ್ನು ಬಂಡೆಯ ರಂಧ್ರತೆಯೂ, ಹರಿವಿನ ಸುಲಭತೆಯನ್ನು ಪಾರಗಮ್ಯತೆಯೂ ನಿರ್ಧರಿಸುತ್ತವೆ. ಇವೆರಡೂ ಅಡಿ ಅಡಿಗೂ ಬದಲಾಗುವಂಥವು. ಆದರೂ ಕಂಪ್ಯೂಟರಿನಲ್ಲಿ ನಿಕ್ಷೇಪದ ಮಾದರಿ ಕಟ್ಟಿ, ಇಷ್ಟು ವರ್ಷ ಇಷ್ಟು ಉತ್ಪಾದನೆ ಎಂಬ ಒಂದೇ ಅಂಕಿಯನ್ನು ಜನರ ಮುಂದಿಡುವ ಪರಿಪಾಠ ಬೆಳೆದಿದೆ. ವಿಜ್ಞಾನದ ಹೆಸರಿನಲ್ಲಿ ನಡೆಯುವ ಈ ಮರೆಮಾಚುವಿಕೆಯನ್ನು ನಾವು ಪ್ರಶ್ನಿಸಲೇಬೇಕು.

ಸರಳ ಲೆಕ್ಕ ನೋಡಿ. ಸಮಾನ ದಪ್ಪದ ಎರಡು ಪದರಗಳಿವೆ. ಒಂದರ ಪಾರಗಮ್ಯತೆ 1000 ಮಿಲಿಡಾರ್ಸಿ, ಇನ್ನೊಂದರದು 10. ಹರಿವು ಪದರಗಳ ಗುಂಟ ಸಾಗಿದರೆ ಸರಾಸರಿ 505. ಪದರಗಳನ್ನು ಅಡ್ಡಹಾಯ್ದರೆ ಸುಮಾರು 20. ಬಂಡೆ ಅದೇ, ಉತ್ತರ ಮಾತ್ರ ಇಪ್ಪತ್ತೈದು ಪಟ್ಟು ಬೇರೆ! ತೈಲವನ್ನು ತಳ್ಳಲು ನೀರು ನುಗ್ಗಿಸಿದಾಗ, 505ರ ಮಾದರಿಯಲ್ಲಿ ನೀರು ಸಮನಾಗಿ ಮುನ್ನಡೆಯುತ್ತದೆ. ನೆಲದೊಳಗೆ ಅದು ಸಡಿಲ ಪದರದಲ್ಲಿ ಓಡಿ ಬಹುಬೇಗ ಉತ್ಪಾದನಾ ಬಾವಿಯನ್ನು ಸೇರುತ್ತದೆ. ಬಿಗಿ ಪದರದ ತೈಲ ಹಿಂದೆಯೇ ಉಳಿಯುತ್ತದೆ.

ತಜ್ಞರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಡೈಕ್‌ಸ್ಟ್ರಾ ಮತ್ತು ಪಾರ್ಸನ್ಸ್ 1950ರಲ್ಲಿಯೇ ಈ ವೈವಿಧ್ಯವನ್ನು ಅಳೆಯುವ ಗುಣಾಂಕವನ್ನು ಕೊಟ್ಟರು. 2001ರಲ್ಲಿ ಉತ್ತರ ಸಮುದ್ರದ ಬ್ರೆಂಟ್ ಶಿಲಾಸಮೂಹವನ್ನು ಆಧರಿಸಿದ 11,22,000 ಕೋಶಗಳ ಪರೀಕ್ಷಾ ಮಾದರಿ ಪ್ರಕಟವಾಯಿತು. ಕೋಶಗಳನ್ನು ಒಟ್ಟುಗೂಡಿಸಿ ದೊಡ್ಡದು ಮಾಡಿದರೆ ಫಲಿತಾಂಶ ಹೇಗೆ ಬದಲಾಗುತ್ತದೆಂದು ಹೋಲಿಸುವುದೇ ಅದರ ಉದ್ದೇಶ.

ಗೊತ್ತಿದ್ದೂ ಒಂದೇ ಅಂಕಿಯನ್ನು ನೆಚ್ಚಿದರೆ? ಕೃಷ್ಣಾ–ಗೋದಾವರಿ ಕಡಲ ವಲಯದ ಡಿ1–ಡಿ3 ಅನಿಲ ನಿಕ್ಷೇಪಗಳೇ ಸಾಕ್ಷಿ. 2006ರ ಯೋಜನೆಯ ಗುರಿ ದಿನಕ್ಕೆ 8 ಕೋಟಿ ಘನ ಮೀಟರ್. 2009ರಲ್ಲಿ ಆರಂಭವಾದ ಉತ್ಪಾದನೆ ಆ ಮಟ್ಟವನ್ನು ಒಮ್ಮೆಯೂ ಮುಟ್ಟದೆ 2010ರ ನಂತರ ಕುಸಿಯಿತು, 2020ರಲ್ಲಿ ನಿಂತೇಹೋಯಿತು. ಭೂರಚನೆ ಎಣಿಸಿದ್ದಕ್ಕಿಂತ ಜಟಿಲವೆಂದಿತು ಕಂಪನಿ. ಬಾವಿಗಳನ್ನು ಕಡಿಮೆ ಕೊರೆದದ್ದೇ ಕಾರಣವೆಂದಿತು ಸರ್ಕಾರ. ಯಾರ ಮಾತು ಸರಿಯಾದರೂ, ಆ ಅನಿಲವನ್ನು ನಂಬಿದ್ದ ಆಂಧ್ರದ ವಿದ್ಯುತ್ ಸ್ಥಾವರಗಳು ಇಂಧನವಿಲ್ಲದೆ ಕೈಕಟ್ಟಿ ನಿಂತವು.

ಇದು ದೂರದ ಕಡಲಿನ ಮಾತೆಂದು ಮಲೆನಾಡಿಗರು ಸುಮ್ಮನಿರುವಂತಿಲ್ಲ. ಅಂತರ್ಜಲದ ಮಾದರಿಗಳೂ ಡಾರ್ಸಿ 1856ರಲ್ಲಿ ಪ್ರಕಟಿಸಿದ ಅದೇ ನಿಯಮದ ಮೇಲೆ ನಿಂತಿವೆ. ಗಣಿಯದೋ ಸುರಂಗದ್ದೋ ವರದಿ ಊರಿಗೆ ಬಂದಾಗ ಕೇಳೋಣ: ಎಷ್ಟು ಕಡೆ ಕೊರೆದು ಅಳೆದಿರಿ? ಕನಿಷ್ಠ ಅಂದಾಜೆಷ್ಟು, ಗರಿಷ್ಠವೆಷ್ಟು? ಬಿಗಿ ಪದರ ಎಲ್ಲಿದೆ, ಬಿರುಕು ಎಲ್ಲಿದೆ? ಉತ್ತರವಿಲ್ಲದ ವರದಿಗೆ ಗ್ರಾಮಸಭೆಯ ಒಪ್ಪಿಗೆಯೂ ಇರಕೂಡದು.