ನಿಮ್ಮ ಊರು ಯಾವುದು?

ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಬಸ್ಸು ಅನಮೋಡದ ಚೆಕ್‌ಪೋಸ್ಟಿನಲ್ಲಿ ನಿಂತಿತ್ತು. ಪಕ್ಕದ ಸೀಟಿನ ಹುಡುಗಿ ತೊಡೆಯ ಮೇಲೆ ಕಾಲೇಜಿನ ಅರ್ಜಿ ಇಟ್ಟುಕೊಂಡು ಪೆನ್ನಿನ ತುದಿ ಕಚ್ಚುತ್ತಿದ್ದಳು. ನನ್ನ ಕೈಯಲ್ಲಿ ಪುಸ್ತಕ ಕಂಡು, ‘ಸರ್, ಇಲ್ಲಿ ನೇಟಿವ್ ಪ್ಲೇಸ್ ಅಂತ ಕೇಳ್ಯಾರ. ಏನ್ ಬರೀಲ್ರಿ?’ ಎಂದಳು.

‘ನಿಮ್ಮ ಊರಿನ ಹೆಸರು ಬರಿಯಮ್ಮಾ’ ಎಂದೆ, ಇದರಲ್ಲೇನು ಕಷ್ಟ ಎನ್ನುವ ಹಾಗೆ.

ಆಕೆಯ ತಾಯಿ ನಕ್ಕರು. ‘ನನ್ನ ತವರುಮನಿ ಇಲ್ಲೇ ಅನಮೋಡ್ರಿ. ಇಕಿ ಹುಟ್ಟಿದ್ದು ಬೆಳಗಾವಿ ದವಾಖಾನ್ಯಾಗ. ಇರೋದು ರಾಮನಗರ. ಇವರಪ್ಪನ ಮನಿತನ ಸೂಪಾದ್ದು. ಸೂಪಾ ನೀರಾಗ ಹೋತಲ್ರಿ.’

ಅರ್ಜಿಯಲ್ಲಿ ಇದ್ದದ್ದು ಒಂದೇ ಗೆರೆ.

ಸೂಪಾ ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿದ್ದ ಪೇಟೆ ಅದು. ತಾಲ್ಲೂಕಿನ ಹೆಸರೇ ಸೂಪಾ. ವಿದ್ಯುತ್ತಿಗಾಗಿ ಕಾಳಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ ಪೇಟೆಯೂ ಸುತ್ತಲ ಹಳ್ಳಿಗಳೂ ಮುಳುಗಿದವು. ತಾಲ್ಲೂಕಿನ ಹೆಸರು ಜೊಯಿಡಾ ಎಂದಾಯಿತು. ನೆಲೆ ಕಳೆದುಕೊಂಡ ಅನೇಕ ಕುಟುಂಬಗಳಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಈಗ ಸೂಪಾ ಎಂಬ ಹೆಸರು ಹೆಚ್ಚಾಗಿ ಕೇಳಿಬರುವುದು ಅಣೆಕಟ್ಟಿನ ಜೊತೆಗೆ, ಅಂದರೆ ಊರನ್ನು ನುಂಗಿದ್ದರ ಜೊತೆಗೇ.

‘ನೇಟಿವ್’ ಲ್ಯಾಟಿನ್ ಮೂಲದ ಮಾತು, ಹುಟ್ಟಿಗೆ ಸಂಬಂಧಿಸಿದ್ದು. ಆದರೆ ‘ನೇಟಿವ್ ಪ್ಲೇಸ್’ ಎಂದು ಅರ್ಜಿಯಲ್ಲಿ ಕೇಳುವುದು ನಮ್ಮ ದೇಶದ ಇಂಗ್ಲಿಷಿನ ರೂಢಿ. ನಾವು ಅದರಿಂದ ತಿಳಿಯುವುದು ಹುಟ್ಟಿದ ಜಾಗವನ್ನಲ್ಲ, ಮನೆತನದ ಊರನ್ನು. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವ ನಾಡಿನಲ್ಲಿ ಹುಟ್ಟೂರು ಬೇರೆ, ಊರು ಬೇರೆ ಆಗುವುದು ಸಹಜವೇ. ಕುವೆಂಪು 1904ರಲ್ಲಿ ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಇಂದಿನ ಚಿಕ್ಕಮಗಳೂರು ಜಿಲ್ಲೆ. ಹೆಸರಿನ ಮುಂದೆ ನಿಂತದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಈಗ ಹೆರಿಗೆ ಆಸ್ಪತ್ರೆಯಲ್ಲಿ. ಜನನ ನೋಂದಣಿ ಆಗುವುದು ಮಗು ಹುಟ್ಟಿದಲ್ಲೇ. ಹೀಗಾಗಿ ಮೂರು ದಿನ ಮಲಗಿದ್ದ ಊರು ಜನನ ಪತ್ರದಲ್ಲಿ ಜೀವನಪೂರ್ತಿ ಉಳಿಯುತ್ತದೆ.

ತವರು ಮದುವೆಯಾದ ಹೆಣ್ಣಿನ ಮಾತು. ಮರಾಠಿಯಲ್ಲಿ ಮಾಹೇರ, ಕೊಂಕಣಿಯಲ್ಲಿ ಕುಳಾರ. ಬಿಟ್ಟು ಬಂದವಳಿಗಷ್ಟೇ ತವರು ಇರುತ್ತದೆ. ನಮ್ಮ ಪತ್ರಿಕೆಗಳು ಮಾತ್ರ ‘ಸಚಿವರ ತವರು ಜಿಲ್ಲೆ’ ಎಂದು ಬರೆಯುತ್ತವೆ. ಮೀಸೆ ಹೊತ್ತ ಸಚಿವರು ಯಾರ ಮನೆಗೆ ಸೊಸೆಯಾಗಿ ಹೋದರೋ ತಿಳಿಯದು!

‘ನಾಡು’ ಎಂಬ ಮಾತಿಗೆ ಹಿಂದೆ ಇಂದಿನಷ್ಟು ಹರವು ಇರಲಿಲ್ಲ. ಶಾಸನಗಳಲ್ಲಿ ಅದು ಆಡಳಿತದ ಒಂದು ಭಾಗ. ಇಲ್ಲಿಗೆ ಹತ್ತಿರದ ಖಾನಾಪುರ ತಾಲ್ಲೂಕಿನ ಹಲಸಿ ಅಂದು ಪಲಸಿಗೆ 12000ದ ಕೇಂದ್ರ. ಗೋವಾ ಕದಂಬರು ಅದನ್ನೂ ಘಟ್ಟದ ಕೆಳಗಿನ ಕೊಂಕಣ 900ನ್ನೂ ಒಟ್ಟಿಗೇ ಆಳಿದರು. ಆ ಹಳೆಯ ಚಿಕ್ಕ ಅರ್ಥ ಇನ್ನೂ ಸತ್ತಿಲ್ಲ. ಹುಡುಗಿ ಜಾತಿ, ಆದಾಯ ಪತ್ರಕ್ಕೆ ಅಲೆದದ್ದು ನಾಡಕಚೇರಿಗೇ. ಅದರ ‘ನಾಡು’ ಒಂದು ಹೋಬಳಿಯಷ್ಟೇ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವ ಮಾತು ‘ಸೀಮೆ’. ಮೂಲದಲ್ಲಿ ಅದು ಗಡಿ. ಆಮೇಲೆ ಗಡಿಯೊಳಗಿನ ಪ್ರದೇಶವೂ ಸೀಮೆಯಾಯಿತು: ‘ನಮ್ಮ ಸೀಮೆ’, ‘ಮಲೆಸೀಮೆ’. ಮುಂದೆ ಗಡಿಯಾಚೆಯಿಂದ ಬಂದದ್ದಕ್ಕೂ ಅದೇ ಹೆಸರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಸ್ವದೇಶ, ಪರದೇಶ ಎರಡನ್ನೂ ಒಂದೇ ಪದ ಹೊತ್ತಿದೆ. ಅನಮೋಡದಲ್ಲಿ ನಿಂತರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1961ರ ಡಿಸೆಂಬರ್‌ವರೆಗೆ ಘಟ್ಟದ ಕೆಳಗೆ ಪೋರ್ಚುಗೀಸರ ಆಳ್ವಿಕೆ. ಅಲ್ಲಿಯ ನೆಂಟರು ಪರದೇಶದವರು. ಮಾತು ಎರಡೂ ಕಡೆ ಕೊಂಕಣಿಯೇ.

‘ವಿಲಾಯತಿ’ಯ ಕಥೆ ಇನ್ನೂ ದೂರದ್ದು. ಅರಬ್ಬಿಯ ವಿಲಾಯತ್ ಎಂದರೆ ಒಂದು ಆಡಳಿತದ ಪ್ರಾಂತ. ಭಾರತದಲ್ಲಿ ಅದು ಪರದೇಶವಾಗಿ, ಕೊನೆಗೆ ಇಂಗ್ಲೆಂಡೇ ವಿಲಾಯತಿ ಆಯಿತು. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಆ ಮಾತನ್ನು ಕಲಿತು ‘ಬ್ಲೈಟಿ’ ಮಾಡಿಕೊಂಡರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ, ಮನೆಗೆ ಕಳಿಸುವಷ್ಟು ದೊಡ್ಡದಾದ ಗಾಯಕ್ಕೂ ‘ಬ್ಲೈಟಿ’ ಎಂದೇ ಹೆಸರಾಯಿತು. ನಮಗೆ ಪರದೇಶವಾಗಿದ್ದ ಮಾತು ಅವರ ಬಾಯಲ್ಲಿ ತಾಯ್ನಾಡು.

ತಾಯ್ನಾಡು ಎಂದೇ ಎಲ್ಲರೂ ಹೇಳುವುದಿಲ್ಲ. ಇದೇ ಜಿಲ್ಲೆಯ ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಮಾತು ‘ಫಾಯುಲ್’, ತಂದೆಯ ನಾಡು. ಅಲ್ಲಿನ ಶಾಲೆಗೆ ಹೋಗುವ ಮಕ್ಕಳಲ್ಲಿ ಹೆಚ್ಚಿನವರು ಆ ನಾಡನ್ನು ಕಂಡವರಲ್ಲ. ಪದ ಮಾತ್ರ ಅಪ್ಪನಿಂದ ಮಗನಿಗೆ ಬಂದಿದೆ.

ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಬಸ್ಸಿನಲ್ಲಿ ನಾನು ಕೊಟ್ಟ ಸಲಹೆ ಬಹಳ ಸಾಧಾರಣದ್ದು: ‘ರಾಮನಗರ ಅಂತ ಬರೀರಿ, ಕಾಗದಪತ್ರಕ್ಕೆ ಹೊಂದುತ್ತದೆ.’

ಹುಡುಗಿ ತಾಯಿಯ ಮುಖ ನೋಡಿದಳು. ‘ಅಜ್ಜ ಇನ್ನೂ ನಮ್ಮೂರು ಸೂಪಾ ಅಂತಾನ್ರಿ’ ಎಂದಳು. ತಾಯಿ ಏನೂ ಹೇಳಲಿಲ್ಲ.

ಬಸ್ಸು ಘಟ್ಟ ಇಳಿಯತೊಡಗಿದಾಗ ಅಕ್ಷರ ಕುಲುಕದ ಹಾಗೆ ನಿಧಾನವಾಗಿ ಬರೆದಳು: ‘ಸೂಪಾ, ಜೊಯಿಡಾ ತಾಲ್ಲೂಕು’. ಕೆಳಗೆ ವಿಳಾಸದ ಪಿನ್‌ಕೋಡಿನ ಆರು ಚೌಕಗಳಲ್ಲಿ ರಾಮನಗರದ್ದನ್ನು ತುಂಬಿದಳು.