ಕ್ಲೌಡ್ ಹ್ಯಾಕ್: ಬೀಗ ಒಡೆದರೋ, ಕೀಲಿ ಹಾಕಿಯೇ ತೆರೆದರೋ?

"ದೊಡ್ಡ ಕಂಪನಿಯ ಕ್ಲೌಡ್ ಹ್ಯಾಕ್ ಆಗಿದೆ, ಎಲ್ಲರ ಮಾಹಿತಿಯೂ ಸೋರಿಕೆಯಾಗಿದೆ, ಕೂಡಲೇ ಎಲ್ಲರಿಗೂ ಕಳಿಸಿ" ಎನ್ನುವ ಧಾಟಿಯ ಸಂದೇಶಗಳು ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಓದಿದಾಗ ಮನಸ್ಸಿಗೆ ಬರುವುದು ಸಿನಿಮಾದ ದೃಶ್ಯ: ಕತ್ತಲೆ ಕೋಣೆ, ಪರದೆಯ ಮೇಲೆ ಓಡುವ ಹಸಿರು ಅಕ್ಷರ, ಕೋಡ್ ಬರೆದು ಕೋಟೆ ಒಡೆಯುವ ಚಾಲಾಕಿ. ಅಷ್ಟು ದೊಡ್ಡವರ ಮುಂದೆ ನಮ್ಮದೇನು ನಡೆಯುತ್ತದೆ ಎಂದು ಸುಮ್ಮನಾಗಿಬಿಡುತ್ತೇವೆ. ಆದರೆ 2024ರ ಒಂದು ದೊಡ್ಡ ಪ್ರಕರಣದಲ್ಲಿ ಯಾರೂ ಕೋಟೆ ಒಡೆದಿರಲಿಲ್ಲ. ಕಳ್ಳರು ಸರಿಯಾದ ಯೂಸರ್‌ನೇಮ್, ಸರಿಯಾದ ಪಾಸ್‌ವರ್ಡ್ ಹಾಕಿ ಮುಂಬಾಗಿಲಿನಿಂದಲೇ ಒಳಗೆ ಹೋಗಿದ್ದರು.

ನಡೆದದ್ದೇನು?

ಸ್ನೋಫ್ಲೇಕ್ ಎಂಬುದು ಅಮೆರಿಕದ ಕ್ಲೌಡ್ ಡೇಟಾ ಕಂಪನಿ. ಬ್ಯಾಂಕು, ಟೆಲಿಕಾಂ, ಟಿಕೆಟ್ ಮಾರುವ ಕಂಪನಿಗಳು ಇಲ್ಲಿ ಖಾತೆ ತೆರೆದು, ತಮ್ಮ ಗ್ರಾಹಕರ ಲೆಕ್ಕಪತ್ರವನ್ನೆಲ್ಲ ಇಟ್ಟುಕೊಳ್ಳುತ್ತವೆ. 2024ರಲ್ಲಿ ಇಂಥ ಹಲವು ಖಾತೆಗಳಿಂದ ಡೇಟಾ ಕಳುವಾಯಿತು. ತನಿಖೆ ಮಾಡಿದ ಗೂಗಲ್ ಒಡೆತನದ ಮ್ಯಾಂಡಿಯಂಟ್ ಸಂಸ್ಥೆ ಜೂನ್‌ನಲ್ಲಿ ಹೇಳಿದ ಪ್ರಕಾರ, ಅಪಾಯಕ್ಕೆ ಸಿಕ್ಕಿರಬಹುದೆಂದು ಎಚ್ಚರಿಸಲಾದ ಸಂಸ್ಥೆಗಳು ಸುಮಾರು 165. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಹೆಚ್ಚುಕಡಿಮೆ ಎಲ್ಲ ಮೊಬೈಲ್ ಗ್ರಾಹಕರು 2022ರ ಮೇ 1ರಿಂದ ಅಕ್ಟೋಬರ್ 31ರವರೆಗೆ ಯಾರಿಗೆ ಕರೆ, ಮೆಸೇಜ್ ಮಾಡಿದ್ದರು ಎಂಬ ದಾಖಲೆಯೂ ಕಳ್ಳರ ಪಾಲಾಯಿತು. ಮಾತಾಡಿದ್ದೇನು, ಬರೆದದ್ದೇನು ಎಂಬುದು ಅದರಲ್ಲಿ ಇರಲಿಲ್ಲ.

ಸ್ನೋಫ್ಲೇಕ್‌ನ ಸ್ವಂತ ವ್ಯವಸ್ಥೆಯನ್ನು ಭೇದಿಸಿದ್ದಕ್ಕೆ ಮ್ಯಾಂಡಿಯಂಟ್‌ಗೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಪಾಸ್‌ವರ್ಡ್‌ಗಳು ಗ್ರಾಹಕರ ಕಡೆಯ ಕಂಪ್ಯೂಟರ್‌ಗಳಿಂದ ಮೊದಲೇ ಕಳುವಾಗಿದ್ದವು, ಕೆಲವು 2020ರ ನವೆಂಬರ್‌ನಷ್ಟು ಹಿಂದೆ. ವರ್ಷಗಳಾದರೂ ಅವನ್ನು ಬದಲಿಸಿರಲಿಲ್ಲ. ಆ ಖಾತೆಗಳಿಗೆ ಪಾಸ್‌ವರ್ಡ್ ಬಿಟ್ಟರೆ ಎರಡನೇ ಬೀಗವೂ ಇರಲಿಲ್ಲ.

ಲಾಗಿನ್ ಆದಾಗ ಒಳಗೆ ಆಗುವುದೇನು?

ನೀವು ಖಾತೆ ತೆರೆದು ಪಾಸ್‌ವರ್ಡ್ ಕೊಟ್ಟಾಗ, ಒಳ್ಳೆಯ ಸೈಟುಗಳು ಅದನ್ನು ಹಾಗೇ ಬರೆದಿಡುವುದಿಲ್ಲ. ಗಣಿತದ ಒಂದು ಗಿರಣಿಗೆ ಹಾಕಿ, ಬಂದ ಹಿಟ್ಟನ್ನಷ್ಟೇ ಇಟ್ಟುಕೊಳ್ಳುತ್ತವೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಹಿಟ್ಟಿನಿಂದ ಮತ್ತೆ ಅಕ್ಕಿಕಾಳು ಮಾಡಲಾಗದು. ಮುಂದಿನ ಸಲ ಲಾಗಿನ್ ಆದಾಗ ನೀವು ಹಾಕಿದ್ದನ್ನೂ ಅದೇ ಗಿರಣಿಗೆ ಹಾಕಿ, ಎರಡೂ ಹಿಟ್ಟು ಒಂದೇ ಇವೆಯೇ ಎಂದು ನೋಡುತ್ತವೆ. "ಪಾಸ್‌ವರ್ಡ್ ಮರೆತೆ" ಎಂದರೆ ಹಳೆಯದನ್ನು ಹೇಳದೆ ಹೊಸದನ್ನು ಮಾಡಿಕೊಳ್ಳಿ ಎನ್ನುವುದು ಇದಕ್ಕೇ. ಯಾವುದಾದರೂ ಸೈಟ್ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಮೇಲ್ ಮಾಡಿದರೆ, ಅದನ್ನು ನಂಬಬೇಡಿ.

ಲಾಗಿನ್ ಆದ ಮೇಲೆ ಬ್ರೌಸರ್‌ಗೆ ಒಂದು ಗುರುತು ಸಿಗುತ್ತದೆ. ಬಸ್ ಪಾಸ್ ಇದ್ದ ಹಾಗೆ: ಅದನ್ನು ತೋರಿಸುತ್ತಿದ್ದರೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು, ಸೈಟ್ ನಿಮ್ಮ ಮುಖ ನೋಡುವುದಿಲ್ಲ. ಸರಿಯಾದ ಕೀಲಿ ಯಾರ ಕೈಯಲ್ಲಿದೆಯೋ ಅವರೇ ಅದರ ಪಾಲಿಗೆ ಯಜಮಾನರು.

ಕೀಲಿ ಕಳ್ಳರಿಗೆ ಸಿಗುವುದು ಹೇಗೆ?

ಸ್ನೋಫ್ಲೇಕ್ ಪ್ರಕರಣದಲ್ಲಿ ಕೀಲಿ ಕದ್ದದ್ದು ಇನ್ಫೋಸ್ಟೀಲರ್ ಎಂಬ ಬಗೆಯ ಕುತಂತ್ರಾಂಶ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಲಾಗಿನ್ ಗುರುತು ಎಲ್ಲವನ್ನೂ ಬಾಚಿ ಕಳ್ಳರಿಗೆ ಕಳಿಸುವುದು ಇದರ ಕೆಲಸ. ಹೊರಗುತ್ತಿಗೆ ನೌಕರರ ಕೆಲವು ಕಂಪ್ಯೂಟರ್‌ಗಳಲ್ಲಿ ಗೇಮ್ ಆಡಲಾಗಿತ್ತು, ಪೈರೇಟೆಡ್ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಲಾಗಿತ್ತು ಎಂದೂ ತನಿಖೆಯಲ್ಲಿ ಕಂಡುಬಂತು. ಯಾರೋ ಒಬ್ಬರು ಪುಕ್ಕಟೆ ಸಿಕ್ಕಿತೆಂದು ಹಾಕಿಕೊಂಡ ಸಾಫ್ಟ್‌ವೇರ್‌ನಿಂದ ಲಕ್ಷಾಂತರ ಜನರ ಮಾಹಿತಿ ಬೀದಿಗೆ ಬರಬಹುದು.

ಕೆಲವು ತಪ್ಪು ನಂಬಿಕೆಗಳು

"ಪಾಸ್‌ವರ್ಡ್ ಕಷ್ಟದ್ದಾಗಿದ್ದರೆ ಸಾಕು." ಸಾಲದು. ಊಹಿಸಿ ಹುಡುಕುವವರಿಗೆ ಉದ್ದದ ಪಾಸ್‌ವರ್ಡ್ ಅಡ್ಡಿಯಾಗುತ್ತದೆ ನಿಜ. ಆದರೆ ಇನ್ಫೋಸ್ಟೀಲರ್ ಊಹಿಸುವುದೇ ಇಲ್ಲ, ಇದ್ದದ್ದನ್ನು ಇದ್ದಂತೆ ನಕಲು ಮಾಡುತ್ತದೆ. 8 ಅಕ್ಷರವಾದರೂ 30 ಅಕ್ಷರವಾದರೂ ಅದಕ್ಕೆ ಒಂದೇ.

"ಪ್ರತಿ ತಿಂಗಳೂ ಪಾಸ್‌ವರ್ಡ್ ಬದಲಿಸಬೇಕು." ಹೀಗೆ ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಒತ್ತಾಯಕ್ಕೆ ಜನ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಆದರೆ ಕಳುವಾಗಿದೆ ಎಂದು ತಿಳಿದ ಕೂಡಲೇ ಬದಲಿಸಲೇಬೇಕು.

"ಬೀಗದ ಚಿತ್ರ ಇದ್ದರೆ ಸೈಟ್ ಅಸಲಿ." ಅಲ್ಲ. ನೀವು ಕಳಿಸುವುದನ್ನು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಅದರ ಅರ್ಥ. ನಕಲಿ ಸೈಟಿಗೂ ಅದು ಸಿಗುತ್ತದೆ. ಈ ಗೊಂದಲ ತಪ್ಪಿಸಲೆಂದೇ ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಚಿತ್ರವನ್ನು ತೆಗೆದುಹಾಕಿತು.

ನಾವೇನು ಮಾಡಬಹುದು?

ಎರಡನೇ ಬೀಗ ಹಾಕಿ. ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಲು ಹೆಚ್ಚುವರಿ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿದ್ದರಿಂದ, ಇದು ನಮಗೆ ಹೊಸದೇನಲ್ಲ. ಕಾರ್ಡಿಗೆ ಇರುವ ಕಾವಲು ನಮ್ಮ ಮೇಲ್‌ಗೂ ಇರಲಿ. ಗೂಗಲ್ ಖಾತೆಯ ಭದ್ರತೆ ಸೆಟ್ಟಿಂಗ್‌ನಲ್ಲಿ ಎರಡು ಹಂತದ ಪರಿಶೀಲನೆ ಇದೆ. ವಾಟ್ಸಾಪ್‌ನಲ್ಲೂ ಇದೆ, 6 ಅಂಕಿಯ ಪಿನ್ ಇಟ್ಟುಕೊಳ್ಳಬಹುದು. ಸ್ನೋಫ್ಲೇಕ್ ಕೂಡ 2024ರ ಅಕ್ಟೋಬರ್‌ನಿಂದ ಹೊಸ ಖಾತೆಗಳಿಗೆ ಇದನ್ನು ಮೊದಲಿಂದಲೇ ಜಾರಿ ಮಾಡಿತು.

ಎರಡನೇ ಬೀಗವೂ ಸರ್ವರೋಗಕ್ಕೆ ಮದ್ದಲ್ಲ. ಫೋನಿನಲ್ಲಿ ಕೇಳಿದವರಿಗೆ ಒಟಿಪಿ ಹೇಳಿಬಿಟ್ಟರೆ ಆ ಬೀಗವನ್ನೂ ನಾವೇ ತೆರೆದುಕೊಟ್ಟಂತೆ. ಪಾಸ್‌ಕೀ ಇದಕ್ಕಿಂತ ಗಟ್ಟಿ. ಅದರ ಗುಟ್ಟಿನ ಕೀಲಿಯನ್ನು ಯಾವ ಸೈಟಿಗೂ ಕೊಡುವ ಮಾತಿಲ್ಲ, ನಕಲಿ ವಿಳಾಸದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಗೂಗಲ್ ಖಾತೆಗೆ ಇದು 2023ರಿಂದ ಲಭ್ಯವಿದೆ.

ಒಂದೊಂದು ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಆಫೀಸಿನ ಲ್ಯಾಪ್‌ಟಾಪ್ ಮಕ್ಕಳ ಗೇಮಿಗೆ ಬೇಡ. ಖಾತೆ ಕಳುವಾದ ಅನುಮಾನ ಬಂದರೆ ಬೇರೊಂದು ಸುರಕ್ಷಿತ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಜೊತೆಗೆ ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಇಲ್ಲದಿದ್ದರೆ ಕಳ್ಳರ ಕೈಯಲ್ಲಿರುವ ಆ 'ಬಸ್ ಪಾಸ್' ಚಾಲ್ತಿಯಲ್ಲೇ ಉಳಿಯಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಲ "ಕ್ಲೌಡ್ ಹ್ಯಾಕ್ ಆಗಿದೆ" ಎಂಬ ಸಂದೇಶ ಬಂದಾಗ, ಫಾರ್ವರ್ಡ್ ಮಾಡುವ ಮುನ್ನ ಎರಡು ನಿಮಿಷ ತೆಗೆದುಕೊಂಡು ನಿಮ್ಮ ಖಾತೆಗೆ ಎರಡನೇ ಬೀಗ ಹಾಕಿ. ಗ್ರೂಪಿಗೆ ಏನಾದರೂ ಕಳಿಸಲೇಬೇಕು ಅನ್ನಿಸಿದರೆ, ಅದನ್ನು ಹಾಕುವುದು ಹೇಗೆಂದು ಬರೆದು ಕಳಿಸಿ.